'ಇವರು' ಅಂದರೆ ಯಾರು?

ನಮ್ಮ ಹೆಂಗಸರ ಮಾತಿನಲ್ಲಿ 'ಇವರು' ಅಂದರೆ ಯಾರೆಂದು ಯಾರೂ ಕೇಳುವುದಿಲ್ಲ. "ಇವರು ಇನ್ನೂ ಬಂದಿಲ್ಲ", "ಇವರ ಕಾಫಿಗೆ ಸಕ್ಕರೆ ಹಾಕಬಾರದು" ಎಂದರೆ ಸಾಕು, ಅದು ಮನೆಯ ಯಜಮಾನರ ಸುದ್ದಿಯೆಂದು ಇಡೀ ಬೀದಿಗೆ ಗೊತ್ತಾಗುತ್ತದೆ. ಸುಮಾರು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಸರ್ವನಾಮದ ಪಾಠ ಬಂದಾಗಲೆಲ್ಲ ಈ ಉದಾಹರಣೆ ಕೊಟ್ಟು ಮಕ್ಕಳನ್ನು ನಗಿಸಿದ್ದೇನೆ. ಹತ್ತಿರದವರನ್ನು ತೋರಿಸಲು 'ಇವರು', ದೂರದವರನ್ನು ತೋರಿಸಲು 'ಅವರು' ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಂಥ ನನ್ನನ್ನು 2025ರ ಮೇ ತಿಂಗಳ ಕೊನೆಯಲ್ಲಿ ಎದುರುಮನೆಯ ಅಕ್ಕ ಬಂದು, "ಟೀಚರಮ್ಮ, ಇವರು ಅಂದ್ರೆ ಯಾರು?" ಎಂದು ಕೇಳಿದರು. ನನ್ನ ಬಾಯಿ ಕಟ್ಟಿಹೋಯಿತು.

ನಾವಿರುವುದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಒಂದು ಬೀದಿಯಲ್ಲಿ. ಅಕ್ಕನ ಮನೆಮಾತು ತಮಿಳು. ಅವರ ಅಜ್ಜ ಇಲ್ಲೇ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದರಂತೆ. ಅಂದಿನಿಂದ ಇಂದಿನವರೆಗೆ ಆ ಕುಟುಂಬ ಹಲಸೂರು ಬಿಟ್ಟು ಕದಲಿಲ್ಲ. ರಾಜಕುಮಾರ್ ಚಿತ್ರಗಳ ವಿಷಯದಲ್ಲಿ ನನಗಿಂತ ಅವರಿಗೇ ಹೆಚ್ಚು ಗೊತ್ತು. ರಜನಿಕಾಂತ್ ಹೆಸರೆತ್ತಿದರೆ, "ನಮ್ಮೂರಿನ ಬಸ್ ಕಂಡಕ್ಟರ್ ತಾನೇ!" ಎಂದು ತಮ್ಮನ ಬಗ್ಗೆ ಹೇಳಿಕೊಂಡ ಹಾಗೆ ಬೀಗುತ್ತಾರೆ.

2024ರ ಬೇಸಿಗೆ ನಿಮಗೆ ನೆನಪಿರಬೇಕು. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನವರು ಕೇಳಿದ್ದೇ ಬೆಲೆಯಾದಾಗ ನಮ್ಮ ಬೀದಿಯವರೆಲ್ಲ ಸೇರಿ ಒಂದು ವಾಟ್ಸ್‌ಆಪ್ ಗುಂಪು ಮಾಡಿಕೊಂಡೆವು. ನಲ್ಲಿಯಲ್ಲಿ ನೀರು ಯಾವಾಗ, ಟ್ಯಾಂಕರ್ ಎಷ್ಟಕ್ಕೆ, ಇಷ್ಟೇ ಅದರ ಕೆಲಸ. ನಡುರಾತ್ರಿ ಎರಡಕ್ಕೆ ನೀರು ಬಂದರೂ ಮೊದಲು ಸುದ್ದಿ ಕೊಡುತ್ತಿದ್ದವರು ಈ ಅಕ್ಕ. ಮಳೆ ಬಂತು, ನೀರಿನ ಚಿಂತೆ ಕಳೆಯಿತು, ಗುಂಪು ಮಾತ್ರ ಉಳಿಯಿತು. ಖಾಲಿ ಕೊಡದಲ್ಲಿ ಏನು ಬೇಕಾದರೂ ತುಂಬಬಹುದಲ್ಲ, ಹಾಗಾಯಿತು.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಅದೇ ವಾರ ನಮ್ಮ ಕೆ.ಆರ್. ಪುರದ ಆಚೆ, ವಿರ್ಗೋನಗರದ ಕಾಲೇಜೊಂದರಲ್ಲಿ ಗಾಯಕ ಸೋನು ನಿಗಮ್ ಕಾರ್ಯಕ್ರಮ ನಡೆಯಿತು. ಕನ್ನಡ ಹಾಡು ಹೇಳಿ ಎಂದು ಕೂಗಿದ ಹುಡುಗನ ಮೇಲೆ ಸಿಟ್ಟಾದ ಅವರು, ಪಹಲ್ಗಾಮಿನಲ್ಲಿ ಆದದ್ದಕ್ಕೂ ಇದೇ ಕಾರಣ ಎಂಬಂತೆ ಮಾತಾಡಿದರು. ಹಾಡು ಕೇಳುವುದಕ್ಕೂ ಹೆಣ ಬೀಳಿಸುವುದಕ್ಕೂ ಏನು ಸಂಬಂಧ? ತಪ್ಪು ಮಾತೇ ಅದು. ದೂರು ದಾಖಲಾಯಿತು, ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರ ಸಾರಿತು, ಅವರು ಕ್ಷಮೆಯನ್ನೂ ಕೇಳಿದರು. ಆದರೆ ನಾನು ಮಾಡಿದ್ದೇನು? 2006ರ 'ಮುಂಗಾರು ಮಳೆ'ಯ ಕಾಲದಿಂದ ಆ ಕಂಠಕ್ಕೆ ಮಾರುಹೋದವಳು, ಹಾಡುಗಳನ್ನೆಲ್ಲ ಫೋನಿನಿಂದ ಅಳಿಸಿ, ಅಳಿಸಿದ್ದೇನೆಂದು ಹತ್ತು ಕಡೆ ಸಾರಿದೆ. ಹಾಡು ಕೇಳುವಾಗ ಇದ್ದ ಉತ್ಸಾಹವೇ ಬೈಯುವಾಗಲೂ ಇತ್ತು. ನಿಜ ಹೇಳಬೇಕೆಂದರೆ ಬೈಯುವಾಗ ಸ್ವಲ್ಪ ಹೆಚ್ಚೇ ಇತ್ತು. ಆ 26 ಮನೆಗಳ ನೆನಪು ಮಾತ್ರ ಆ ಗದ್ದಲದಲ್ಲಿ ಯಾರಿಗೂ ಇರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಕಮಲ್ ಹಾಸನ್ ಸರದಿ. ಮೇ 24ರಂದು ಚೆನ್ನೈನಲ್ಲಿ ತಮ್ಮ ಚಿತ್ರದ ಸಮಾರಂಭದಲ್ಲಿ, ನಮ್ಮ ಶಿವರಾಜಕುಮಾರ್ ಎದುರಿನಲ್ಲೇ, ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂದುಬಿಟ್ಟರು. ಕ್ಷಮೆ ಕೇಳಲೂ ಒಪ್ಪಲಿಲ್ಲ. ಜೂನ್ 5ರಂದು ಆ ಚಿತ್ರ ಬೇರೆಡೆ ತೆರೆಕಂಡರೂ ಇಲ್ಲಿ ಕಾಣಲಿಲ್ಲ. ಇದಕ್ಕೂ ಮೊದಲೇ, ಒಂದು ರಾತ್ರಿ ನಾನು ನಮ್ಮ ನೀರಿನ ಗುಂಪಿನಲ್ಲಿ ಬರೆದೆ: "ಇವರಿಗೆ ನಮ್ಮ ಊರು ಬೇಕು, ನಮ್ಮ ನೀರು ಬೇಕು, ನಮ್ಮ ಭಾಷೆ ಮಾತ್ರ ಬೇಡ." ಕೂಡಲೇ ಹದಿನಾಲ್ಕು ಚಪ್ಪಾಳೆಯ ಚಿತ್ರಗಳು ಬಂದವು. ಎಣಿಸಿದ್ದೇನೆ, ಅದಕ್ಕೇ ಸಂಖ್ಯೆ ಗೊತ್ತು.

ಮೂರು ದಿನ ಅಕ್ಕ ಬಾಗಿಲಿಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು ಕೇಳಿದ್ದು ಆ ಪ್ರಶ್ನೆ. ನಾನು ತಡವರಿಸಿ, "ಅಯ್ಯೋ, ನಿಮ್ಮನ್ನಲ್ಲ ಅಕ್ಕ, ಆ ಸಿನಿಮಾದವರನ್ನು" ಎಂದೆ. "ಆ ಸಿನಿಮಾದವರು ಬಂದು ನಿಮ್ಮ ಬೀದಿ ನೀರು ಕುಡೀತಾರಾ ಟೀಚರಮ್ಮ?" ಎಂದರು. ಸಿಟ್ಟಿನಿಂದಲ್ಲ, ಮೆಲ್ಲಗೆ. ನನ್ನ ವ್ಯಾಕರಣ ನನಗೇ ತಿರುಗಿ ಬಂತು. ಚೆನ್ನೈನಲ್ಲಿರುವವರು 'ಅವರು'. ನಾನು ಬರೆದದ್ದು 'ಇವರು'. ನನ್ನ ಬೆರಳು ತೋರಿಸಿದ್ದು ಎದುರುಮನೆಯ ಬಾಗಿಲನ್ನೇ.

ಅಂದಿನಿಂದ ಈ ವಿಷಯವನ್ನೇ ಯೋಚಿಸುತ್ತಿದ್ದೇನೆ. ಅಭಿಮಾನ ತಪ್ಪೆಂದು ನಾನು ಹೇಳುವವಳಲ್ಲ. ಹಲಸೂರಿನಲ್ಲಿ ಲಿಡೋ ಟಾಕೀಸು ಇದ್ದ ಕಾಲದಲ್ಲಿ ಟಿಕೆಟ್ ಸಾಲಿನಲ್ಲಿ ನಿಂತು ಸೆರಗು ಹರಿಸಿಕೊಂಡವಳು ನಾನೂ. ನಮ್ಮ ನಾಯಕ ದೊಡ್ಡವನೋ ನಿಮ್ಮ ನಾಯಕನೋ ಎಂದು ಗೆಳತಿಯರೊಡನೆ ಮಾತು ಬಿಟ್ಟದ್ದೂ ಉಂಟು. ಅಭಿಮಾನಕ್ಕೆ ಒಂದು ಎದುರು ಪಕ್ಷ ಬೇಕೇ ಬೇಕು, ಇಲ್ಲದಿದ್ದರೆ ರುಚಿಯಿಲ್ಲ. ಆದರೆ ಅದು ಆಟದ ಜಗಳ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು, ಮಾರನೆಯ ದಿನ ಅದೇ ಗೆಳತಿಯ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದೆವು.

ನಾಡಿನ ವಿಷಯಕ್ಕೆ ಬರುವ ಸಿಟ್ಟು ಬೇರೆ. ನೀರು, ಶಾಲೆ, ಬೆಲೆ, ಭಾಷೆ, ಜೀವ, ಇವುಗಳಿಗೆ ಸಿಟ್ಟು ಬರಲೇಬೇಕು. ಆದರೆ ಆ ಸಿಟ್ಟಿಗೆ ಒಂದು ವಿಳಾಸವಿರಬೇಕು. ಯಾವ ಕಚೇರಿ, ಯಾವ ಆದೇಶ, ಯಾರು ಉತ್ತರ ಕೊಡಬೇಕು ಎಂಬುದು ತಿಳಿದಿರಬೇಕು. ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿದರೆ ಸಿಟ್ಟಿನ ವಿಳಾಸ ಅಳಿಸಿಹೋಗುತ್ತದೆ. ಉಳಿಯುವುದು 'ಇವರು' ಒಂದೇ. ಫೋನು ಮಾಡುತ್ತಿರುವುದು ಇದನ್ನೇ. ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಒತ್ತುವ ಬೆರಳೇ ಕಾವೇರಿಗೂ ಒತ್ತುತ್ತದೆ, ಸಾವಿಗೂ ಒತ್ತುತ್ತದೆ. ಎಷ್ಟು ಜನ ಒತ್ತಿದರು ಎಂಬುದೇ ಗೆಲುವಿನ ಲೆಕ್ಕ.

ಇದರ ಬೆಲೆ ಏನೆಂದು 2016ರಲ್ಲಿ ನೋಡಿದ್ದೇವೆ. ಸೆಪ್ಟೆಂಬರ್ 9ರಂದು ಕಾವೇರಿಗಾಗಿ ಬಂದ್ ನಡೆಯಿತು, ಕನ್ನಡ ನಟನಟಿಯರೂ ಬೀದಿಗಿಳಿದರು. ಒಬ್ಬ ವಿದ್ಯಾರ್ಥಿ ಫೇಸ್‌ಬುಕ್‌ನಲ್ಲಿ ಆ ನಟರನ್ನು ಗೇಲಿ ಮಾಡಿದ. ಅವನನ್ನು ಹಿಡಿದು ಹೊಡೆದರು, ಹೊಡೆದದ್ದನ್ನು ಚಿತ್ರಿಸಿ ಹಂಚಿದರು. ತಮಿಳುನಾಡಿನಲ್ಲಿ ಕರ್ನಾಟಕದ ವಾಹನಗಳ ಮೇಲೆ, ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾಯಿತು. 12ನೇ ತಾರೀಖು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. ಗೋಲಿಬಾರಿನಲ್ಲಿ ಒಬ್ಬ ಯುವಕ ಸತ್ತ. ಆ ರಾತ್ರಿ ಅಕ್ಕನ ಮನೆಯವರು ದೀಪ ಆರಿಸಿಕೊಂಡು ಕೂತಿದ್ದರು. ನಾನು ಎದುರಿಗೇ ಇದ್ದೆ, ಒಂದು ಸಲವೂ ಬಾಗಿಲು ತಟ್ಟಿ ವಿಚಾರಿಸಲಿಲ್ಲ.

ಇಷ್ಟಾಗಿ ಒಂದು ಹನಿ ನೀರು ಹೆಚ್ಚಿತೇ? ನೀರು ಹೆಚ್ಚಿದ್ದು 2018ರ ಫೆಬ್ರವರಿ 16ರಂದು, ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ. ಕರ್ನಾಟಕದ ಪಾಲು 270 ಟಿಎಂಸಿಯಿಂದ 284.75ಕ್ಕೆ ಏರಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಸಿಕ್ಕಿತು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ನ್ಯಾಯಮಂಡಳಿ ಹಿಂದೆ ಲೆಕ್ಕ ಹಾಕಿತ್ತು. ನಮ್ಮ ಹಲಸೂರು, ಕೆ.ಆರ್. ಪುರದ ಕಡೆಯ ಮಳೆನೀರು ಹರಿಯುವುದು ದಕ್ಷಿಣ ಪಿನಾಕಿನಿಯ ಕಡೆಗೆ. ಆದರೂ ಇಡೀ ನಗರದ ಬಾಯಾರಿಕೆಯನ್ನು ಎಣಿಸಬೇಕೆಂದು ನ್ಯಾಯಾಲಯ ಒಪ್ಪಿತು. ಅದನ್ನು ಒಪ್ಪಿಸಿದ್ದು ವಕೀಲರು, ನೀರಾವರಿಯ ಲೆಕ್ಕಪತ್ರ ಹಿಡಿದ ಎಂಜಿನಿಯರುಗಳು. ಅವರ ಹೆಸರಿಗೆ ಒಂದು ಅಭಿಮಾನಿ ಸಂಘವೂ ಇಲ್ಲ. ಆ ನೀರನ್ನು ನಾನೂ ಕುಡಿಯುತ್ತೇನೆ, ಅಕ್ಕನೂ ಕುಡಿಯುತ್ತಾರೆ.

"ಹಾಗಾದರೆ ಗೋಕಾಕ್ ಚಳವಳಿ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 1982ರಲ್ಲಿ ರಾಜಕುಮಾರ್ ಹೊರಟಿದ್ದರಿಂದಲೇ ಆ ಚಳವಳಿ ಜನರ ಚಳವಳಿಯಾಯಿತು. ಆಗ ನಾನು ಶಾಲೆಯ ಹುಡುಗಿ. ಅತಿರೇಕಗಳು ಅದರಲ್ಲೂ ಇದ್ದವು, ದಂಡಿನ ಪ್ರದೇಶದ ಉರ್ದು, ತಮಿಳು ಮನೆಗಳಲ್ಲಿ ಆತಂಕವೂ ಇತ್ತು. ಆದರೆ ಆ ಸಿಟ್ಟಿಗೆ ವಿಳಾಸವಿತ್ತು. ಒಂದು ಸಮಿತಿ, ಅದರ ಒಂದು ವರದಿ, ಪ್ರೌಢಶಾಲೆಯಲ್ಲಿ ಕನ್ನಡದ ಸ್ಥಾನ ಏನಾಗಬೇಕೆಂಬ ಒಂದು ಬೇಡಿಕೆ. ಸರ್ಕಾರ ಹೌದು ಅಥವಾ ಅಲ್ಲ ಎನ್ನಲೇಬೇಕಿತ್ತು. ಸಾಹಿತಿಗಳು ಮೊದಲು ಎತ್ತಿದ ಮಾತಿಗೆ ನಟ ಬೆನ್ನು ಕೊಟ್ಟರು. ಈಗ ನಟನ ಮಾತೇ ಮೊದಲು, ನಟನ ಮಾತೇ ಕೊನೆ. ನಡುವೆ ಕನ್ನಡ ಎಲ್ಲಿದೆ?

ಕನ್ನಡದ ಟೀಚರ್ ಆಗಿ ಆ ದಿನ ನಾನು ಬರೆಯಬೇಕಾಗಿದ್ದದ್ದು ಎರಡೇ ಮಾತು. ಕನ್ನಡ ತಮಿಳಿನ ಮಗಳಲ್ಲ, ತಂಗಿಯೋ ಅಕ್ಕನೋ ಆಗಬಹುದು. ಎರಡಕ್ಕೂ ಒಂದೇ ಮೂಲ ದ್ರಾವಿಡ ತಾಯಿ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಕನ್ನಡ ತನ್ನ ಕಾಲ ಮೇಲೆ ನಿಂತಿದೆ. ಹಳಗನ್ನಡದ 'ಪಾಲ್' ನಮ್ಮ ಮನೆಯಲ್ಲಿ 'ಹಾಲು' ಆಯಿತು, ಅಕ್ಕನ ಮನೆಯಲ್ಲಿ ಇವತ್ತಿಗೂ 'ಪಾಲ್'. ಇಷ್ಟು ಬರೆದಿದ್ದರೆ ಬೀದಿಯ ಮಕ್ಕಳು ಏನಾದರೂ ಕಲಿಯುತ್ತಿದ್ದರು, ಅಕ್ಕನೂ ಮೆಚ್ಚುತ್ತಿದ್ದರು. ಆದರೆ ಅದಕ್ಕೆ ಹದಿನಾಲ್ಕು ಚಪ್ಪಾಳೆ ಬರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಕನ್ನಡದ ಗೆಲುವಲ್ಲ, ಚಪ್ಪಾಳೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಅದಾಗಿ ಒಂದು ವಾರಕ್ಕೆ ಜೂನ್ 4 ಬಂತು. ಹಿಂದಿನ ರಾತ್ರಿ, 18ನೇ ವರ್ಷದಲ್ಲಿ, ನಮ್ಮ ಆರ್‌ಸಿಬಿ ಐಪಿಎಲ್ ಗೆದ್ದಿತ್ತು. ಅಕ್ಕನ ಮೊಮ್ಮಗ ಕೆಂಪು ಅಂಗಿ ತೊಟ್ಟು ಹಲಸೂರು ಮೆಟ್ರೋ ಹತ್ತಿ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗಿದ್ದ. ಸಂಜೆ ಟಿ.ವಿ.ಯಲ್ಲಿ ಕಾಲ್ತುಳಿತದ ಸುದ್ದಿ. ಹುಡುಗನ ಫೋನು ಸಿಗುತ್ತಿಲ್ಲ. ಅಕ್ಕನೂ ನಾನೂ ಗೇಟಿನ ಬಳಿ ನಿಂತೆವು. ಸತ್ತವರ ಎಣಿಕೆ ಏರುತ್ತ ಏರುತ್ತ 11ಕ್ಕೆ ನಿಂತಿತು. ಎಲ್ಲರೂ ಎಳೆಯ ಜೀವಗಳೇ. ಅಷ್ಟರಲ್ಲಿ ನಮ್ಮ ಗುಂಪು ಗುಂಯ್‌ಗುಡತೊಡಗಿತು. ಒಬ್ಬರು ಈ ಪಕ್ಷವನ್ನು ಬೈದರು, ಇನ್ನೊಬ್ಬರು ಆ ಪಕ್ಷವನ್ನು. ಬೇರೆ ತಂಡದ ಅಭಿಮಾನಿಯೊಬ್ಬರು, "ಕೆಲಸವಿಲ್ಲದ ಇವರಿಗೆ ಹೀಗೇ ಆಗಬೇಕು" ಎಂದು ಬರೆದರು. ಅಕ್ಕ ಅದನ್ನು ಓದಿ ಫೋನನ್ನು ನನ್ನ ಕೈಗಿಟ್ಟರು. ಏನೂ ಹೇಳಲಿಲ್ಲ.

ಎಂಟೂವರೆಗೆ ಹುಡುಗ ಬಂದ. ಬಲಗಾಲಿನ ಚಪ್ಪಲಿ ಇರಲಿಲ್ಲ. ಹನ್ನೊಂದು ಮನೆಗಳಿಗೆ ಯಾರೂ ಬರಲಿಲ್ಲ.

ಅಷ್ಟು ಜನ ಸೇರುವಾಗ ಅನುಮತಿ ಕೊಟ್ಟವರು ಯಾರು, ಬಾಗಿಲು ಕಾಯಬೇಕಾಗಿದ್ದವರು ಯಾರು ಎಂದು ಕೇಳಬೇಡಿ ಎನ್ನುತ್ತಿಲ್ಲ. ಕೇಳಿ, ಉತ್ತರ ಬರುವವರೆಗೆ ಕೇಳಿ. ಅದು ವಿಳಾಸವಿರುವ ಸಿಟ್ಟು. ಅಭಿಮಾನವನ್ನೂ ಬಿಡಬೇಡಿ. 2021ರಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದವು. ಅದನ್ನು ಕಂಡು ಸಾವಿರಾರು ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದರು. ಅಲ್ಲಿ ಯಾರೂ 'ಇವರು' ಆಗಲಿಲ್ಲ. ಮುಂದಿನ ಸಲ ಬೆರಳು ಫೋನಿನ ಮೇಲೆ ತುರಿಸಿದಾಗ, ನೀವು ಬರೆಯುತ್ತಿರುವ 'ಇವರು' ಯಾರೆಂದು ಒಂದು ಹೆಸರು ಹಾಕಿ ನೋಡಿ. ಹೆಸರು ಸಿಗದಿದ್ದರೆ ಅಳಿಸಿಬಿಡಿ. ಸಿಕ್ಕ ಹೆಸರು ಎದುರುಮನೆಯವರದ್ದಾದರೆ, ಎದ್ದು ಹೋಗಿ ಬಾಗಿಲು ತಟ್ಟಿ.

ಮಾರನೆಯ ದಿನ ಅದೇ ಗುಂಪಿನಲ್ಲಿ ಬರೆದೆ: "ಹೋದ ವಾರ ನಾನು 'ಇವರು' ಎಂದು ಬರೆದದ್ದು ತಪ್ಪು. ಅಕ್ಕನಲ್ಲಿ ಕ್ಷಮೆ ಕೇಳುತ್ತೇನೆ." ಚಪ್ಪಾಳೆ ಒಂದೂ ಬರಲಿಲ್ಲ. ರಾತ್ರಿ ಹತ್ತಕ್ಕೆ ಅಕ್ಕ ಬರೆದರು: "ನಾಳೆ ನೀರು ಬೆಳಿಗ್ಗೆ ಐದಕ್ಕೇ ಬರುತ್ತಂತೆ. ಎಲ್ಲಾರೂ ಹಿಡ್ಕೊಳ್ಳಿ."