ಮುಂದಿನ ಮಾಲೀಕನಿಗಾಗಿ ಬಳಿದ ಬಣ್ಣ

1964ರ ಅಕ್ಟೋಬರ್ 25. ಮೆಕ್ಸಿಕೊ ಸಿಟಿಯಲ್ಲಿ ಆ ವರ್ಷದ ಫಾರ್ಮುಲಾ ಒನ್‌ನ ಕೊನೆಯ ರೇಸ್. ಎರಡನೆಯವರಾಗಿ ಗುರಿ ಮುಟ್ಟಿದ ಜಾನ್ ಸರ್ಟೀಸ್, ಗ್ರಹಾಂ ಹಿಲ್ ಅವರಿಗಿಂತ ಒಂದೇ ಒಂದು ಅಂಕ ಹೆಚ್ಚು ಪಡೆದು ವಿಶ್ವ ಚಾಂಪಿಯನ್ ಆದರು. ಅವರು ಓಡಿಸಿದ್ದು ಫೆರಾರಿ. ಆದರೆ ಆ ಕಾರು ಕೆಂಪಾಗಿರಲಿಲ್ಲ. ನೀಲಿ ಮತ್ತು ಬಿಳಿ ಬಣ್ಣದ್ದಾಗಿತ್ತು. 250 ಎಲ್‌ಎಂ ಕಾರಿಗೆ ರೇಸಿಂಗ್ ಮಾನ್ಯತೆ ಸಿಗದೆ ಹೋದಾಗ ಇಟಲಿಯ ಆಟೊಮೊಬೈಲ್ ಕ್ಲಬ್ ತನ್ನ ಪರ ನಿಲ್ಲಲಿಲ್ಲ ಎಂದು ಎಂಜೊ ಫೆರಾರಿ ಮುನಿದಿದ್ದರು. ಆ ಸಿಟ್ಟಿಗೆ ದೇಶದ ಬಣ್ಣವನ್ನೇ ಕಾರಿನಿಂದ ತೆಗೆಸಿ, ಅಮೆರಿಕದ ರೇಸಿಂಗ್ ತಂಡವೊಂದರ ಹೆಸರಿನಲ್ಲಿ, ಅದರದೇ ಬಣ್ಣದಲ್ಲಿ ಕಾರನ್ನು ಕಣಕ್ಕಿಳಿಸಿದರು.

ಬಣ್ಣವೆಂದರೆ ಮೇಲಿನ ಲೇಪ ಅಷ್ಟೇ ಎನ್ನುವವರು ಈ ಪ್ರಸಂಗವನ್ನು ನೆನಪಿಡಬೇಕು.

ಫೆರಾರಿಯ ಕೆಂಪು ಮೂಲದಲ್ಲಿ ಫೆರಾರಿಯ ಆಯ್ಕೆಯೇ ಅಲ್ಲ. ಕಳೆದ ಶತಮಾನದ ಆರಂಭದ ರೇಸುಗಳಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬಣ್ಣ ನಿಗದಿಯಾಗುತ್ತ ಬಂತು: ಫ್ರಾನ್ಸ್‌ಗೆ ನೀಲಿ, ಬೆಲ್ಜಿಯಂಗೆ ಹಳದಿ, ಜರ್ಮನಿಗೆ ಬಿಳಿ, ಇಟಲಿಗೆ ಕೆಂಪು. 1903ರ ಗಾರ್ಡನ್ ಬೆನೆಟ್ ಕಪ್ ಐರ್ಲೆಂಡಿನಲ್ಲಿ ನಡೆದಾಗ, ಆತಿಥ್ಯ ಕೊಟ್ಟ ನಾಡಿನ ಗೌರವಕ್ಕೆ ಬ್ರಿಟನ್ನಿನ ನೇಪಿಯರ್ ಕಾರುಗಳು ಹಸಿರು ಬಳಿದುಕೊಂಡು ಬಂದವು. ಆ ಹಸಿರು ಬ್ರಿಟನ್ನಿಗೇ ಅಂಟಿಕೊಂಡಿತು. ಎಂಜೊ ಫೆರಾರಿಯವರ ಊರು ಮೊಡೆನಾದ ಬಣ್ಣ ಹಳದಿ. ಅವರ ಕುದುರೆ ಲಾಂಛನದ ಹಿನ್ನೆಲೆಯಲ್ಲಿ ಅದು ಇವತ್ತಿಗೂ ಇದೆ.

ಇನ್ನೊಂದು ಸೋಜಿಗವೂ ಇದೆ. ಇಂದು ಗಂಭೀರ, ಸಭ್ಯ ಎಂದು ಕರೆಯುವ ಗಾಢ ಹಸಿರು ಮತ್ತು ಬೆಳ್ಳಿ ಬಣ್ಣಗಳು ಕೂಡ ರೇಸ್ ಟ್ರ್ಯಾಕಿನಿಂದಲೇ ಬಂದವು. 1930ರ ದಶಕದಲ್ಲಿ ಜರ್ಮನಿಯ ಕಾರುಗಳು ಬಿಳಿ ಬಿಟ್ಟು ಬೆಳ್ಳಿಗೆ ತಿರುಗಿದವು. ತೂಕದ ಮಿತಿಯೊಳಗೆ ಇಳಿಸಲು ಮರ್ಸಿಡಿಸ್ ತಂಡ ರಾತ್ರೋರಾತ್ರಿ ಬಿಳಿ ಬಣ್ಣ ಕೆರೆದು ಹಾಕಿತು ಎಂಬ ಕಥೆ ಪ್ರಸಿದ್ಧ; ಅದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಹಾಗಾಗಿ ಬೆಳ್ಳಿ ಬಣ್ಣದ ಪೋರ್ಷೆ ಕೊಂಡವರನ್ನೆಲ್ಲ ಅಂಜುಬುರುಕರು ಎನ್ನಲಾಗದು. ಅದನ್ನು ಒಲಿದು ಆರಿಸಿದ್ದರೆ ಅದರ ಹಿಂದೆ ದೊಡ್ಡ ಪರಂಪರೆಯೇ ಇದೆ.

ತಕರಾರು ಇರುವುದು ಒಲಿಯದೆ ಆರಿಸುವುದರ ಬಗ್ಗೆ.

1990ರ ದಶಕದ ಆರಂಭದಲ್ಲಿ ಮಾರಾಟವಾದ ಫೆರಾರಿಗಳಲ್ಲಿ ಶೇ 85ರಷ್ಟು ಕೆಂಪಾಗಿದ್ದವು. ಈಗ ಅದು ಅರ್ಧಕ್ಕಿಂತ ಕಡಿಮೆ. ಒಟ್ಟಾರೆ ಕಾರು ಲೋಕದಲ್ಲಂತೂ ಹೊಸದಾಗಿ ತಯಾರಾಗುವ ಐದು ಕಾರುಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಬಿಳಿ, ಕಪ್ಪು, ಬೂದು ಇಲ್ಲವೇ ಬೆಳ್ಳಿ ಬಣ್ಣದವು. ಕಾರಣ ಕೇಳಿದರೆ ಮೊದಲು ಬರುವ ಉತ್ತರ ಒಂದೇ: ರೀಸೇಲ್. ನಾಳೆ ಮಾರುವಾಗ ಹಳದಿ ಕಾರನ್ನು ಯಾರು ಕೊಳ್ಳುತ್ತಾರೆ? ಡೀಲರ್‌ಗಳೂ ಬೇಗ ಮಾರಾಟವಾಗುವ ಬಣ್ಣಗಳನ್ನೇ ತರಿಸಿಡುತ್ತಾರೆ. ಕಾಯಲು ಮನಸ್ಸಿಲ್ಲದವರು ಇದ್ದುದನ್ನೇ ಒಪ್ಪಿಕೊಳ್ಳುತ್ತಾರೆ. ಹೀಗೆ ಕೋಟಿಗಟ್ಟಲೆ ಹಣ ಕೊಟ್ಟು, ಆಸೆಪಟ್ಟು ಕೊಂಡ ಕಾರಿನ ಬಣ್ಣವನ್ನು ಇನ್ನೂ ಮುಖವನ್ನೇ ನೋಡದ ಮುಂದಿನ ಮಾಲೀಕ ತೀರ್ಮಾನಿಸಿರುತ್ತಾನೆ.

ಈ ಭಯಕ್ಕೆ ಆಧಾರವೂ ಗಟ್ಟಿಯಿಲ್ಲ. ಅಮೆರಿಕದ ಐಸೀಕಾರ್ಸ್ ಸಂಸ್ಥೆ 2025ರಲ್ಲಿ ಮೂರು ವರ್ಷ ಹಳೆಯ 12 ಲಕ್ಷಕ್ಕೂ ಹೆಚ್ಚು ಕಾರುಗಳ ಬೆಲೆ ಪರಿಶೀಲಿಸಿತು. ಸರಾಸರಿ ಕಾರಿನ ಬೆಲೆ ಶೇ 31ರಷ್ಟು ಇಳಿದಿದ್ದರೆ ಹಳದಿ ಕಾರುಗಳದ್ದು ಶೇ 24ರಷ್ಟು ಮಾತ್ರ. ಬಿಳಿ, ಕಪ್ಪು ಕಾರುಗಳು ಸರಾಸರಿಗಿಂತಲೂ ಹೆಚ್ಚು ಕಳೆದುಕೊಂಡಿದ್ದವು. ಬಿಳಿ ಕಾರು ಬೀದಿಬೀದಿಯಲ್ಲಿ ಸಿಗುತ್ತದೆ. ಹಳದಿಯೇ ಬೇಕೆನ್ನುವವರು ಕಡಿಮೆ ಇರಬಹುದು, ಆದರೆ ಮಾರಾಟಕ್ಕಿರುವ ಹಳದಿ ಕಾರುಗಳು ಅವರಿಗಿಂತಲೂ ಕಡಿಮೆ.

ಪೋರ್ಷೆಯ ರೂಬಿಸ್ಟೋನ್ ಬಣ್ಣದ ಕಥೆಯನ್ನೇ ನೋಡಿ. ಬೀಟ್‌ರೂಟ್ ಹೆಚ್ಚಿದಾಗ ಬೆರಳಿಗೆ ಹತ್ತುವ ಬಣ್ಣವಿದೆಯಲ್ಲ, ಸುಮಾರಾಗಿ ಅದೇ. 1990ರ ದಶಕದ ಆರಂಭದಲ್ಲಿ 911ರ ಮೇಲೆ ಬಂದಾಗ ಹಲವರಿಗೆ ಅದು ಅತಿಯೆನಿಸಿತ್ತು. ಇಂದು ಆ ಬಣ್ಣದ ಕರೆರಾ ಆರ್‌ಎಸ್‌ಗಾಗಿ ಸಂಗ್ರಹಕಾರರು ಹುಡುಕಾಡುತ್ತಾರೆ. ಪೋರ್ಷೆಯೇ ಅದನ್ನು ರೂಬಿ ಸ್ಟಾರ್ ನಿಯೊ ಎಂಬ ಹೊಸ ಹೆಸರಿನಲ್ಲಿ ಮತ್ತೆ ತಂದಿದೆ. ಈಗ ಹೆಚ್ಚು ಹಣ ಕೊಟ್ಟರೆ ನೂರಕ್ಕೂ ಹೆಚ್ಚು ವಿಶೇಷ ಬಣ್ಣಗಳಲ್ಲಿ ಬೇಕಾದ್ದನ್ನು ಆರಿಸುವ ವ್ಯವಸ್ಥೆ ಆ ಕಂಪನಿಯಲ್ಲಿದೆ. ಲ್ಯಾಂಬೋರ್ಗಿನಿಯಂತೂ ಮೊದಲಿನಿಂದಲೂ ಈ ದಾರಿಯಲ್ಲೇ ನಡೆದಿದೆ. ರೇಸಿನ ಹಂಗಿಲ್ಲದೆ 1963ರಲ್ಲಿ ಹುಟ್ಟಿದ ಕಂಪನಿಗೆ ದೇಶದ ಬಣ್ಣ ಹೊರುವ ಹೊಣೆ ಇರಲಿಲ್ಲ. 1966ರ ಜಿನೀವಾ ಪ್ರದರ್ಶನಕ್ಕೆ ಮಿಯುರಾ ಕಿತ್ತಳೆ ಬಣ್ಣದಲ್ಲಿ ಬಂತು, 1971ರಲ್ಲಿ ಕೌಂಟಾಶ್ ಹಳದಿಯಲ್ಲಿ.

ನಮ್ಮಲ್ಲಿ ಲೆಕ್ಕಾಚಾರದ ಜೊತೆ ಬೇರೆ ಅಳುಕುಗಳೂ ಸೇರುತ್ತವೆ. ಚಕ್ರದಡಿ ನಿಂಬೆಹಣ್ಣು ಇಟ್ಟು ಹೊಸ ಕಾರು ಹೊರಡಿಸುವ ಮನೆಗಳಲ್ಲಿ, ಎದ್ದು ಕಾಣುವ ಬಣ್ಣಕ್ಕೆ ದೃಷ್ಟಿಯಾಗುತ್ತದೆ ಎಂಬ ಮಾತು ಬಂದೇ ಬರುತ್ತದೆ. ಕಪ್ಪು ಬೇಡ, ಅದು ಶನಿಯ ಬಣ್ಣ ಎಂದು ಹಿರಿಯರು ತಡೆಯುವುದುಂಟು. ಬಿಸಿಲಲ್ಲಿ ನಿಂತು ನಿಂತು ಕಳೆಗುಂದಿದ ಕೆಂಪು ಮಾರುತಿ 800 ಅನೇಕರ ಕಣ್ಣಲ್ಲಿ ಇನ್ನೂ ಇದೆ. ಇಂದಿನ ಬಣ್ಣದ ಮೇಲೆ ಪಾರದರ್ಶಕ ಕೋಟ್ ಇರುವುದರಿಂದ ಆ ಚಿಂತೆ ಬಹಳ ಮಟ್ಟಿಗೆ ಹಳೆಯದಾಯಿತು. ಬಿಳಿ ಪರ ವಾದಗಳಲ್ಲಿ ಒಂದು ಮಾತ್ರ ನಿಜಕ್ಕೂ ತೂಕದ್ದು: ಸೆಖೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಎರಡು ಕಾರುಗಳನ್ನು ಬಿಸಿಲಲ್ಲಿ ನಿಲ್ಲಿಸಿ ಅಳೆದಾಗ ಕಪ್ಪು ಕಾರಿನೊಳಗೆ 5ರಿಂದ 6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಿತ್ತು. ಕಲಬುರಗಿಯ ಮೇ ತಿಂಗಳಲ್ಲಿ ದಿನವೂ ಬಯಲಲ್ಲಿ ನಿಲ್ಲುವ ಕಾರಿಗೆ ಇದು ಸಣ್ಣ ಮಾತಲ್ಲ. ಭಾನುವಾರ ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲು ಗ್ಯಾರೇಜು ಸೇರುವ ಸ್ಪೋರ್ಟ್ಸ್ ಕಾರಿಗೆ ಈ ವಾದ ಅಷ್ಟಾಗಿ ಸಲ್ಲದು.

ಆದ್ದರಿಂದ ಅಂಥ ಕಾರು ಕೊಳ್ಳುವ ಯೋಗ ಬಂದವರಲ್ಲಿ ಒಂದು ವಿನಂತಿ. ಷೋರೂಮಿನಲ್ಲಿ ಅಂಗೈಯಗಲದ ಲೋಹದ ಬಿಲ್ಲೆಗಳಿಗೆ ಬಣ್ಣ ಬಳಿದು ತೋರಿಸುತ್ತಾರೆ. ಒಳಗಿನ ಬಿಳಿ ದೀಪದಡಿಯಲ್ಲಿ ಬೂದು ಬಣ್ಣವೂ ಮಿಂಚುತ್ತದೆ, ಹಸಿರು ಕಪ್ಪಾಗಿ ಕಾಣುತ್ತದೆ. ಬಿಲ್ಲೆಗಳನ್ನು ಹೊರಗೆ ಒಯ್ದು ಬಿಸಿಲಿಗೆ ಹಿಡಿಯಿರಿ, ಓರೆಯಾಗಿಸಿ ನೋಡಿ, ನೆರಳಿಗೆ ತಂದು ಇನ್ನೊಮ್ಮೆ ನೋಡಿ. ಮನಸ್ಸಿಗೆ ಹಿಡಿಸಿದ್ದು ಬೂದು ಬಣ್ಣವೇ ಆಗಿದ್ದರೆ ಅದನ್ನೇ ಬರೆಸಿ. ಹಳದಿಯಾಗಿದ್ದರೆ ದಯವಿಟ್ಟು ಹಳದಿಯನ್ನೇ ಬರೆಸಿ.