ಬೆರಳು ಹೋದರೆ ತಪ್ಪು ಯಾರದು?



“ಅಣ್ಣಾ, ತಪ್ಪು ನನ್ನದೇ. ನನ್ನ ಗಮನ ತಪ್ಪಿತು.”

ಹೀಗೆಂದ ಹುಡುಗನ ಬಲಗೈಯ ತೋರುಬೆರಳು ಬುಡದವರೆಗೆ ಇರಲಿಲ್ಲ. ನಾಸಿಕದ ಬಳಿಯ ಓಝರಿನಲ್ಲಿ, ಮುಂಬಯಿ–ಆಗ್ರಾ ರಸ್ತೆಯ ಪಕ್ಕದ ಒಂದು ಮರಗೆಲಸದ ಶೆಡ್ಡಿನಲ್ಲಿ ಅವನು ಥಿಕ್‌ನೆಸ್ ಪ್ಲೇನರ್ ಮಷಿನು ನಡೆಸುತ್ತಿದ್ದ. ನಮ್ಮ ಕಡೆಯವನೇ. ಮುಂಬಯಿಯ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ಬೇಸತ್ತು, ಕೈಗೊಂದು ಕಸುಬು ಬರಲೆಂದು ಅಲ್ಲಿಗೆ ಹೋದವನು. ಬೆರಳು ಹೋದದ್ದು ಒಂದು ದುಃಖ. ಧಣಿ ಹೇಳಿಕೊಟ್ಟ ಮಾತನ್ನು ತನ್ನದೇ ಮಾತೆಂದು ಅವನು ನಂಬಿಕೊಂಡಿರುವುದು ಅದಕ್ಕಿಂತ ದೊಡ್ಡ ದುಃಖ.

ಆ ಮಾತು ನಿಜವೋ ಸುಳ್ಳೋ ನೋಡೋಣ.

ಬಡಗಿ ಉಜ್ಜುಗೊರಡು ಹಿಡಿದು ಗಂಟೆಗಟ್ಟಲೆ ಬೆವರಿಳಿಸಿ ಮಾಡುವ ಕೆಲಸವನ್ನು ಈ ಮಷಿನು ನಿಮಿಷಗಳಲ್ಲಿ ಮಾಡುತ್ತದೆ. ಒಳಗೊಂದು ಉರುಳೆ, ಅದಕ್ಕೆ ಬಿಗಿದ ಉಕ್ಕಿನ ಅಲಗುಗಳು ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ಸುತ್ತುತ್ತವೆ. ಮುಂದಿನ ರೋಲರು ಹಲಗೆಯನ್ನು ಕಚ್ಚಿ ಒಳಗೆಳೆಯುತ್ತದೆ, ಹಿಂದಿನದು ಹೊರಕ್ಕೆ ಸಾಗಿಸುತ್ತದೆ. ಹಲಗೆ ತಿರುಗಿ ಚಿಮ್ಮದಂತೆ ತಡೆಯಲು ಸಾಲಾಗಿ ಕಬ್ಬಿಣದ ಹಲ್ಲುಗಳಿರುತ್ತವೆ. ಅಲಗಿನ ಮೇಲೆ ಮುಚ್ಚಳವಿರುತ್ತದೆ. ಇವೆಲ್ಲ ಸರಿಯಾಗಿದ್ದು, ಒಮ್ಮೆಗೆ ಒಂದೆರಡು ಮಿಲಿಮೀಟರ್ ಮಾತ್ರ ತೆಗೆದರೆ, ಕೈ ಅಲಗಿನ ಹತ್ತಿರ ಹೋಗಬೇಕಾದ ಕಾರಣವೇ ಇಲ್ಲ.

ಮತ್ತೆ ಹೋದದ್ದು ಹೇಗೆ? ಅಲ್ಲಿ ಕೂಲಿ ಹಲಗೆಯ ಲೆಕ್ಕದ್ದು. ಹೊಟ್ಟು ಸಿಕ್ಕಿಕೊಂಡಾಗಲೆಲ್ಲ ಮಷಿನು ನಿಲ್ಲಿಸಿದರೆ ಹೊತ್ತು ಹಾಳೆಂದು ಧಣಿ ಮುಚ್ಚಳವನ್ನೇ ಬಿಚ್ಚಿಸಿ ಮೂಲೆಗಿಟ್ಟಿದ್ದ. ಅಲಗು ಸಾಣೆ ಕಂಡು ತಿಂಗಳುಗಳಾಗಿದ್ದವು. ಮೊಂಡು ಅಲಗಿಗೆ ಹಲಗೆ ತಡೆದು ನಿಂತಿತು. “ನಿಲ್ಲಿಸಬೇಡ, ಕೈ ಹಾಕಿ ಹೊಟ್ಟು ತೆಗೆ” ಎಂಬ ಅಪ್ಪಣೆಯಾಯಿತು. ಹುಡುಗ ಕೈ ಹಾಕಿದ. ಮುಚ್ಚಳ ಬಿಚ್ಚಿಸಿದವರು ಯಾರು? ಸಾಣೆಯ ಕಾಸು ಉಳಿಸಿದವರು ಯಾರು? ಗಮನ ತಪ್ಪಿದ್ದು ಯಾರದು?

ಅದೇ ಓಝರಿನಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್‌ನ ವಿಮಾನ ಕಾರ್ಖಾನೆಯಿದೆ. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಹುಟ್ಟಿದ್ದು. ಸಂಸ್ಥೆಯ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿ. ಅಂಥ ದೊಡ್ಡ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ ಇರಲೇಬೇಕೆಂದು ಕಾನೂನು. ಗೋಡೆಯ ಹೊರಗಿನ ಶೆಡ್ಡಿಗೆ? ವಿದ್ಯುತ್ತಿನಿಂದ ನಡೆಯುವ ಜಾಗ ‘ಕಾರ್ಖಾನೆ’ ಎನಿಸಲು 1948ರ ಕಾರ್ಖಾನೆ ಕಾಯಿದೆ 10 ಮಂದಿ ಕೆಲಸಗಾರರನ್ನು ಕೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ 20 ಮಂದಿಯನ್ನು ಕೇಳುತ್ತದೆ. ಶೆಡ್ಡಿನಲ್ಲಿದ್ದವರು ಏಳು ಮಂದಿ. ಏಳು ಮಂದಿಯಿದ್ದಾರೆಂದು ಅಲಗು ಮೆಲ್ಲಗೆ ತಿರುಗುತ್ತದೆಯೇ? ತಲೆ ಎಣಿಸುವ ಕಾನೂನಿಗೆ ಬೆರಳು ಎಣಿಸಲು ಬರುವುದಿಲ್ಲ.

ಇನ್ನು ಪರಿಹಾರದ ಮಾತು. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಪೂರ್ತಿ ತೋರುಬೆರಳು ಹೋದರೆ ದುಡಿಯುವ ಶಕ್ತಿಯ ನಷ್ಟ ಶೇಕಡಾ 14, ಹೆಬ್ಬೆರಳಿಗೆ 30. ಉಳಿ ಹಿಡಿಯಬೇಕಾದವನಿಗೆ ನಷ್ಟ ಬರೇ 14ರ ಪಾಲೇ? ಆ ಅಲ್ಪವನ್ನೂ ತಪ್ಪಿಸಲು ಧಣಿಗೆ ಒಂದು ದಾರಿಯಿದೆ, ಅದನ್ನು ನಾವು ತಿಳಿದಿರಬೇಕು. ಕುಡಿದಿದ್ದರೆ, ಸುರಕ್ಷತೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದಿದ್ದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆಗದ ಪಕ್ಷಕ್ಕೆ, ಪರಿಹಾರ ಕೊಡಬೇಕಾಗಿಲ್ಲವೆಂದು ಆ ಕಾಯಿದೆಯಲ್ಲಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಬರೇ ಅಜಾಗ್ರತೆ ಆ ಪಟ್ಟಿಯಲ್ಲಿಲ್ಲ! ಆದುದರಿಂದಲೇ, ಬಾಯಿಮಾತಿನ ಅಪ್ಪಣೆಯಿಂದ ಬಿಚ್ಚಿದ ಮುಚ್ಚಳ ನಾಳೆ ಕೆಲಸಗಾರನೇ ಬಿಚ್ಚಿದ್ದಾಗುತ್ತದೆ. “ತಪ್ಪು ನನ್ನದೇ” ಎಂದವನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತೆ.

ಸರಕಾರ ಎಚ್ಚರಗೊಳ್ಳುವ ತನಕ ಅಲಗು ಕಾಯುವುದಿಲ್ಲ. ಆ ಮಷಿನಿನ ಮುಂದೆ ನಿಲ್ಲುವ ತಮ್ಮಂದಿರು ಇಷ್ಟನ್ನು ನೆನಪಿಡಬೇಕು. ಎರಡು ರೋಲರುಗಳ ನಡುವಿನ ಅಂತರಕ್ಕಿಂತ ಗಿಡ್ಡವಾದ ತುಂಡನ್ನು ಕೊಡಲೇಕೂಡದು. ಹಿಡಿತವಿಲ್ಲದ ತುಂಡು ಗುಂಡಿನಂತೆ ಹಿಂದಕ್ಕೆ ಹಾರುತ್ತದೆ. ಹಲಗೆಯ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಲ್ಲಬೇಕು. ಬಗ್ಗಿ ಒಳಗೆ ಇಣುಕಬಾರದು. ಹಳೆಯ ಮರದ ಮೊಳೆಗಳನ್ನು ಮೊದಲು ಕೀಳಬೇಕು. ಕೈಚೀಲ, ಸಡಿಲು ತೋಳಿನ ಅಂಗಿ ಬೇಡ. ಸ್ವಿಚ್ಚು ಆರಿಸಿದ ಮೇಲೂ ಅಲಗು ಕೆಲಹೊತ್ತು ಸುತ್ತುತ್ತಿರುತ್ತದೆ. ಪೂರ್ತಿ ನಿಂತು, ವಿದ್ಯುತ್ತು ಕಡಿದ ಮೇಲೆಯೇ ಕೈ ಹಾಕಬೇಕು. ಮೂಗಿಗೆ ಬಟ್ಟೆಯಲ್ಲ, ಸರಿಯಾದ ಮಾಸ್ಕು ಬೇಕು: ಮರದ ಧೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಸಾರಿದೆ.

“ನಮಗೂ ಮರಗೆಲಸಕ್ಕೂ ಏನು ಸಂಬಂಧ?” ಎನ್ನುವಿರಾ? ಹೋಟೆಲಿನ ರುಬ್ಬುವ ಮಷಿನು ತಿರುಗುತ್ತಿರುವಾಗಲೇ ಹಿಟ್ಟು ಕೆರೆದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ದುಡಿದ ಹಿರಿಯರನ್ನು ಕೇಳಿ, ತಮ್ಮ ಕೈಯನ್ನೇ ತೋರಿಸಿಯಾರು. ಮಷಿನು ಬೇರೆ, “ನಿಲ್ಲಿಸಬೇಡ” ಎಂಬ ಅಪ್ಪಣೆ ಒಂದೇ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸುರಕ್ಷತೆಯ ಕಾನೂನು ತಲೆಗಳ ಲೆಕ್ಕ ಬಿಟ್ಟು ಯಂತ್ರದ ಲೆಕ್ಕ ಹಿಡಿಯಬೇಕು. ಅಲಗಿರುವಲ್ಲೆಲ್ಲ, ಒಬ್ಬನೇ ದುಡಿದರೂ, ಮುಚ್ಚಳವಿರಬೇಕು. ಮುಚ್ಚಳ ಬಿಚ್ಚೆಂದರೆ “ಬರೆದು ಕೊಡಿ” ಎಂದು ಕೇಳೋಣ. ಅಪಘಾತವಾದ ದಿನವೇ ಜತೆಗಾರರು ಕಂಡದ್ದನ್ನು ಬರೆದು ಸಹಿ ಹಾಕಲಿ, ಸಂಘಕ್ಕೆ ತಿಳಿಸಲಿ.

ಹೋದ ಬೆರಳು ಬಾರದು. ಆದರೆ “ತಪ್ಪು ನನ್ನದೇ” ಎಂಬ ಮಾತನ್ನು ನಾವು ಹಿಂದಕ್ಕೆ ತೆಗೆದುಕೊಳ್ಳಬಹುದು. ಇಂದೇ ತೆಗೆದುಕೊಳ್ಳೋಣ.