ಬಚ್ಚಲಮನೆಯೊಳಗಿನ ಬೆಂಕಿ

ಚಳಿಗಾಲವು ಕಾಲಿಟ್ಟಿತೆಂದರೆ ಬೆಂಗಳೂರು ಮೊದಲಾದ ಪಟ್ಟಣಗಳಿಂದ ಒಂದು ಬಗೆಯ ದುರ್ವಾರ್ತೆಯು ಮೇಲಿಂದ ಮೇಲೆ ಬರುತ್ತಿರುವುದನ್ನು ವಾಚಕರು ಬಲ್ಲರು. ಸ್ನಾನಕ್ಕೆಂದು ಒಳಹೊಕ್ಕವರು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ; ಬಾಗಿಲನ್ನು ಒಡೆದು ನೋಡಲಾಗಿ ನೀರು ಹರಿಯುತ್ತಲೇ ಇದ್ದಿತು, ಮನುಷ್ಯನು ನೆಲದ ಮೇಲೆ ಬಿದ್ದಿದ್ದನು. ಮೈಮೇಲೆ ಗಾಯವಿಲ್ಲ, ಸುಟ್ಟ ಗುರುತಿಲ್ಲ, ಕೋಣೆಯಲ್ಲಿ ವಾಸನೆಯೂ ಇಲ್ಲ. ಹೊಸದಾಗಿ ಮದುವೆಯಾದ ದಂಪತಿಗಳು, ಓದಲು ಬಂದ ವಿದ್ಯಾರ್ಥಿಗಳು, ತಾಯಿಮಕ್ಕಳು ಹೀಗೆ ಸತ್ತ ವೃತ್ತಾಂತಗಳನ್ನು ಓದಿ, ಎರಡು ದಿನ ಮರುಗಿ, ಮೂರನೆಯ ದಿನ ಮರೆತುಬಿಡುವುದು ನಮ್ಮವರ ಪದ್ಧತಿಯಾಗಿದೆ. ಇದು ವಿಧಿಯ ಕೆಲಸವಲ್ಲ. ಸ್ನಾನದ ಕೋಣೆಯೊಳಗೇ ಅನಿಲದ ಗೀಸರನ್ನು ಗೋಡೆಗೆ ತಗುಲಿಸಿ, ಅದು ಉಗುಳುವ ಗಾಳಿಗೆ ಹೊರದಾರಿಯನ್ನು ಕೊಡದೆ, ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡುದರ ಫಲ. ಈ ಏರ್ಪಾಡನ್ನು ಅಲ್ಲಲ್ಲಿ ತಿದ್ದಿದರೆ ಸಾಲದು, ಅದನ್ನು ನಿಲ್ಲಿಸಿಯೇಬಿಡಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಲೆಕ್ಕವು ಕಠಿಣವಾದುದೇನೂ ಅಲ್ಲ. ನಿಮಿಷಕ್ಕೆ 6 ಲೀಟರು ನೀರನ್ನು ಕಾಯಿಸುವ ಸಾಧಾರಣ ಗೀಸರು ಗಂಟೆಗೆ ಸುಮಾರು 1 ಕಿಲೋ ಅನಿಲವನ್ನು ಉರಿಸುತ್ತದೆ. ಒಂದು ಕಿಲೋ ಅನಿಲವು ಪೂರ್ಣವಾಗಿ ಉರಿಯಬೇಕಾದರೆ 15 ಕಿಲೋಗಳಿಗೂ ಮಿಕ್ಕ ಗಾಳಿ ಬೇಕು. ಹತ್ತು ನಿಮಿಷಗಳ ಸ್ನಾನಕ್ಕೆಂದು ಹಿಡಿದರೂ ಸುಮಾರು 75 ಘನ ಅಡಿಗಳಷ್ಟು ಗಾಳಿಯು ಜ್ವಾಲೆಗೆ ಆಹುತಿಯಾಗಬೇಕಾಯಿತು. ನಮ್ಮ ಬಾಡಿಗೆಮನೆಗಳ ಬಚ್ಚಲೋ, 6 ಅಡಿ ಉದ್ದ, 4 ಅಡಿ ಅಗಲ, 8 ಅಡಿ ಎತ್ತರದ ಒಂದು ಪೆಟ್ಟಿಗೆ. ಅದರೊಳಗಿರುವ ಗಾಳಿ ಒಟ್ಟು 192 ಘನ ಅಡಿ. ಉಸಿರಾಡುವ ಮನುಷ್ಯನೂ ಉರಿಯುವ ಬೆಂಕಿಯೂ ಈ ಅಲ್ಪಸ್ವಲ್ಪವನ್ನು ಹಂಚಿಕೊಳ್ಳಬೇಕು. ಆಮ್ಲಜನಕವು ಕುಗ್ಗುತ್ತ ಬಂದಂತೆ ಜ್ವಾಲೆಯು ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕಕ್ಕಿಂತ ಇನ್ನೂರು ಮಡಿಗೂ ಮಿಕ್ಕ ಬಲದಿಂದ ಹಿಡಿದುಕೊಳ್ಳುತ್ತದೆ. ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಸಿಲಿಂಡರಿನ ಅನಿಲಕ್ಕೆ ದುರ್ಗಂಧವನ್ನು ಬೆರೆಸಿರುತ್ತಾರಷ್ಟೆ. ವಾಸನೆ ಬಾರದಿದ್ದರೆ ಭಯವಿಲ್ಲವೆಂದು ಜನರು ನಂಬಿರುವುದು ಇದರಿಂದಲೇ. ಆದರೆ ಆ ಗಂಧವು ಉರಿಯದ ಅನಿಲದ ಗುರುತು. ಉರಿದ ಅನಿಲದಿಂದ ಹುಟ್ಟುವ ವಿಷಕ್ಕೆ ಅಂತಹ ಯಾವ ಗುರುತೂ ಇಲ್ಲ.

ಈ ವಿಷದ ವಿಚಾರವು ನಿನ್ನೆ ಮೊನ್ನೆ ತಿಳಿದುಬಂದುದಲ್ಲ. ಅದು ರಕ್ತವನ್ನು ಕೆಡಿಸುವ ಬಗೆಯನ್ನು ಫ್ರಾನ್ಸಿನ ಕ್ಲಾಡ್ ಬೆರ್ನಾರ್ 1850ರ ದಶಕದಲ್ಲಿಯೇ ತೋರಿಸಿದ್ದನು. 1890ರ ದಶಕದಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿದ್ವಾಂಸನು ತನ್ನ ಮೈಮೇಲೆಯೇ ಅದನ್ನು ಪರೀಕ್ಷಿಸಿಕೊಂಡು, ಗಣಿಗೆ ಇಳಿಯುವವರು ಎಚ್ಚರಿಕೆಗಾಗಿ ಸಣ್ಣ ಪ್ರಾಣಿಪಕ್ಷಿಗಳನ್ನು ಒಯ್ಯಬೇಕೆಂದು ಸೂಚಿಸಿದನು. ಗಣಿಯ ಕೂಲಿಗೆ ಅಂದು ದೊರೆತ ಎಚ್ಚರಿಕೆಯು ನಮ್ಮ ಮನೆಗಳ ಬಚ್ಚಲಿಗೆ ಇಂದಿಗೂ ಬಂದಿಲ್ಲ.

ನಮ್ಮ ಹಿರಿಯರ ನೀರೊಲೆಯಲ್ಲಿ ಈ ಭಯವು ಇಷ್ಟರಮಟ್ಟಿಗೆ ಇರಲಿಲ್ಲ. ತಾಮ್ರದ ಹಂಡೆ, ಕೆಳಗೆ ಸೌದೆ, ಮೇಲೆ ಸಂದುಬಿಟ್ಟ ಹೆಂಚು. ಹೊಗೆಯು ಕಣ್ಣನ್ನು ಉರಿಸಿ ಮನುಷ್ಯನನ್ನು ತಾನಾಗಿ ಹೊರಗಟ್ಟುತ್ತಿತ್ತು. ಹಾಗೆಂದು ಹಂಡೆಗೇ ಹಿಂದಿರುಗಿರೆಂದು ನಾವು ಹೇಳುವವರಲ್ಲ. ಆ ಹೊಗೆಯಲ್ಲಿ ನಮ್ಮ ತಾಯಂದಿರ ಕಣ್ಣೂ ಶ್ವಾಸಕೋಶವೂ ಸವೆದುಹೋದುದನ್ನು ಮರೆತು ಹಳೆಯದನ್ನು ಹೊಗಳುವುದು ಗಂಡಸರಿಗೆ ಸುಲಭ. ಆದರೆ ಹಂಡೆಯ ಮನೆತನದಲ್ಲಿ ಒಂದು ವಿವೇಕವಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಒಲೆಯ ಬೂದಿಯನ್ನು ತೋಡಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿಯನ್ನು ಕಟ್ಟಿ, ಹೊಸ ನೀರನ್ನು ತುಂಬುತ್ತಿದ್ದರು. ಪೂಜೆಯ ನೆಪದಲ್ಲಿ ವರ್ಷಕ್ಕೊಂದು ಸಲ ಆ ಇಡೀ ಏರ್ಪಾಡಿನ ತಪಾಸಣೆ ನಡೆದುಹೋಗುತ್ತಿತ್ತು. ಗೋಡೆಯ ಮೇಲಿನ ಗೀಸರಿಗೆ ಅಂತಹ ದಿನ ಯಾವುದು? ತಗುಲಿಸಿದ ದಿನ ನೋಡಿದ್ದು, ಕೆಟ್ಟ ದಿನ ನೋಡುವುದು!

ಅನಿಲದ ಗೀಸರೇ ಬೇಕೆಂಬವರು ಅದನ್ನು ಮೊದಲು ಬಚ್ಚಲಿನಿಂದ ಹೊರಕ್ಕೆ ತರಲಿ. ಗಾಳಿಯಾಡುವ ಹಿತ್ತಿಲ ಪಡಸಾಲೆಯಲ್ಲಿಯೋ ತೆರೆದ ಮೊಗಸಾಲೆಯಲ್ಲಿಯೋ ಯಂತ್ರವನ್ನಿಟ್ಟು ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಕ್ಕೆ ತರುವುದಕ್ಕೆ ತಗಲುವ ವೆಚ್ಚವು ಪ್ರಾಣದ ಮುಂದೆ ಎಷ್ಟರದು? ಒಂದು ಸಣ್ಣ ಗವಾಕ್ಷಿಯಿದೆಯಲ್ಲವೆಂದು ಮನೆಯ ಯಜಮಾನರು ಸಮಾಧಾನ ಹೇಳುತ್ತಾರೆ. ಚಳಿಗೂ ಸೊಳ್ಳೆಗೂ ಹೆದರಿ ಬಾಡಿಗೆದಾರನು ಆ ಗವಾಕ್ಷಿಯನ್ನು ರಟ್ಟಿನಿಂದ ಮುಚ್ಚುವುದು ನಿಶ್ಚಯ. ಮುಚ್ಚಬಹುದಾದ ರಂಧ್ರವನ್ನು ನಂಬಿ ಬೆಂಕಿಯನ್ನು ಒಳಗಿಡತಕ್ಕದ್ದಲ್ಲ. ಹೊರಗಿಟ್ಟ ಗೀಸರಿಗೂ ಆರೈಕೆ ಬೇಕು. ಜ್ವಾಲೆಯು ನೀಲಿಯಾಗಿರಬೇಕು, ಹಳದಿಗೆ ತಿರುಗಿದರೆ, ಮುಖಕ್ಕೆ ಮಸಿ ಹತ್ತಿದರೆ, ಅದೇ ದಿನ ಆರಿಸಿ ಬಲ್ಲವನನ್ನು ಕರೆಸಬೇಕು. ರಬ್ಬರಿನ ನಳಿಕೆಯನ್ನು ಅದರ ಮೇಲೆ ಅಚ್ಚಾದ ಅವಧಿ ಮುಗಿಯುವುದರೊಳಗೆ ಬದಲಾಯಿಸಬೇಕು. ಬೆಂಗಳೂರಿನ ಕೆಲವು ಬಡಾವಣೆಗಳಿಗೆ ಕೊಳವೆಯ ಅನಿಲ ಬಂದಿರುವುದಷ್ಟೆ. ಸಿಲಿಂಡರಿನ ಅನಿಲಕ್ಕೆಂದು ಮಾಡಿದ ಯಂತ್ರವನ್ನು ಅದರ ಜೆಟ್ಟುಗಳನ್ನು ಬದಲಿಸದೆ ಆ ಕೊಳವೆಗೆ ಸೇರಿಸುವ ಸಾಹಸವನ್ನು ಯಾರೂ ಮಾಡಬಾರದು.

ವಿದ್ಯುತ್ತಿನ ಗೀಸರು ಈ ವಿಷದಿಂದ ದೂರ. ಅದರ ಅಪಾಯಗಳು ಬೇರೆ. ಭೂಸಂಪರ್ಕವಿಲ್ಲದ ತಂತಿಯಿಂದ ನೀರಿಗೇ ವಿದ್ಯುತ್ತು ಹರಿಯಬಹುದು. 30 ಮಿಲಿಆಂಪಿಯರಿನ ಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚು ಪ್ರತಿ ಮನೆಯಲ್ಲಿಯೂ ಇರತಕ್ಕದ್ದು. ಸುರಕ್ಷಾ ಕವಾಟವು ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಬಿರಡೆ ಬಡಿಯುವ ಮೇಸ್ತ್ರಿಗಳಿದ್ದಾರೆ. ಒತ್ತಡವು ಹೊರಹೋಗಲೆಂದೇ ಇರುವ ಬಾಯಿಯನ್ನು ಮುಚ್ಚಿದರೆ ಆ ತೊಟ್ಟಿಯು ಸಿಡಿಮದ್ದಿಗೆ ಸಮಾನ. ಕೊಳವೆಬಾವಿಯ ಗಡಸುನೀರು ಒಳಗೆ ಪದರಗಟ್ಟುವುದರಿಂದ ವರ್ಷಕ್ಕೊಮ್ಮೆ ತೆಗೆಸಿ ತೊಳೆಸಬೇಕು, ತುಕ್ಕನ್ನು ತಡೆಯುವ ಮೆಗ್ನೀಸಿಯಂ ಸರಳನ್ನು ನೋಡಿಸಬೇಕು. ಇವೆಲ್ಲಕ್ಕಿಂತಲೂ ಮಾಳಿಗೆಯುಳ್ಳವನಿಗೆ ಸೂರ್ಯನೇ ಉತ್ತಮ ಆಳು.

ಸರ್ಕಾರವೂ ಇದನ್ನು ಮನಗಂಡು 2007ರಲ್ಲಿ, ನಗರ ಪ್ರದೇಶಗಳಲ್ಲಿ 1200 ಚದರಡಿ ಮತ್ತು ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು. ಅದು ಸ್ತುತ್ಯವಾದ ಕಾರ್ಯ. ಆದರೆ ಮೂರು ಮಹಡಿಯ ಮನೆಯಲ್ಲಿ ಮಾಳಿಗೆಯ ಬಿಸಿನೀರು ಯಜಮಾನನ ಪಾಲಾಗಿ, ಕೆಳಗಿನ ಬಿಡಾರಗಳಿಗೆ ಅನಿಲದ ಗೀಸರು ಮಾತ್ರ ಉಳಿಯುವುದನ್ನು ಯಾವ ಅಧಿಕಾರಿಯು ನೋಡುತ್ತಾನೆ? ಇಂಗ್ಲೆಂಡಿನಲ್ಲಿ 1998ರ ನಿಯಮಗಳ ಮೇರೆಗೆ, ಕೋಣೆಯ ಗಾಳಿಯನ್ನೇ ಎಳೆದು ಉರಿಯುವ ಅನಿಲಯಂತ್ರವನ್ನು ಸ್ನಾನಗೃಹದಲ್ಲಿ ಹೂಡಕೂಡದು. ಬಾಡಿಗೆಗೆ ಕೊಟ್ಟ ಮನೆಯ ಅನಿಲಯಂತ್ರವನ್ನು ನೋಂದಾಯಿತ ಕುಶಲಿಯಿಂದ ಪ್ರತಿ ವರ್ಷವೂ ಪರೀಕ್ಷೆ ಮಾಡಿಸಿ, ಆ ಪತ್ರದ ನಕಲನ್ನು ಬಾಡಿಗೆದಾರನಿಗೆ ಕೊಡುವುದು ಯಜಮಾನನ ಹೊಣೆ. ಪರದೇಶದ್ದೆಂಬ ಕಾರಣದಿಂದ ಒಳ್ಳೆಯ ಕಟ್ಟಳೆಯನ್ನು ತಳ್ಳಿಬಿಡುವುದು ಸ್ವಾಭಿಮಾನವಲ್ಲ. ನಮ್ಮ ಪೌರಸಂಸ್ಥೆಗಳು ಕಟ್ಟಡದ ಪರವಾನಗಿಯಲ್ಲಿಯೂ ಮಹಾಜನರು ತಮ್ಮ ಬಾಡಿಗೆ ಕರಾರಿನಲ್ಲಿಯೂ ಈ ಎರಡು ಷರತ್ತುಗಳನ್ನು ಬರೆದರೆ, ಹೊಸ ಇಲಾಖೆಯೊಂದನ್ನು ತೆರೆಯಬೇಕಾಗಿಯೂ ಇಲ್ಲ.

ವೈದ್ಯರು ಇದನ್ನು ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಕರೆಯತೊಡಗಿದ್ದಾರೆ. ತಲೆನೋವು, ತಲೆಸುತ್ತು, ಓಕರಿಕೆ, ಆಮೇಲೆ ಕಾಲಿನ ಶಕ್ತಿಯೇ ಉಡುಗುವುದು. ಅಗುಳಿ ತೆಗೆಯಬೇಕೆಂದು ತಿಳಿದರೂ ಕೈ ಏಳುವುದಿಲ್ಲ. ಬಚ್ಚಲಲ್ಲಿ ಬಿದ್ದು ಸೆಳೆತ ಬಂದವರನ್ನು ಅಪಸ್ಮಾರದ ರೋಗಿಗಳೆಂದು ಭ್ರಮಿಸುವ ಸಂಭವವುಂಟು. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಲಾಗದು, ವಿಷವು ತುಂಬಿದ ರಕ್ತವನ್ನೂ ಅದು ಸರಿಯಿದೆಯೆಂದೇ ತೋರಿಸುತ್ತದೆ. ಬಿದ್ದವರನ್ನು ಮೊದಲು ಹೊರಗಾಳಿಗೆ ಎಳೆತಂದು, ಗೀಸರನ್ನು ಆರಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ದು, ಬಚ್ಚಲಿನಲ್ಲಿ ಅನಿಲದ ಗೀಸರಿತ್ತೆಂಬ ಮಾತನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಶುದ್ಧ ಆಮ್ಲಜನಕವನ್ನು ಕೊಟ್ಟರೆ, ನಾಲ್ಕೈದು ಗಂಟೆಗಳಲ್ಲಿ ಅರ್ಧ ಇಳಿಯುವ ವಿಷವು ಸುಮಾರು ಒಂದೂವರೆ ಗಂಟೆಯಲ್ಲಿಯೇ ಅಷ್ಟು ಇಳಿಯುತ್ತದೆ.

ಕಟ್ಟಳೆ ಬರುವವರೆಗೆ, ಯಂತ್ರವನ್ನು ಹೊರಕ್ಕೆ ಸಾಗಿಸಲು ಯಜಮಾನನು ಒಪ್ಪುವವರೆಗೆ, ನಾಳೆಯ ಬೆಳಗಿನ ಸ್ನಾನವಂತೂ ನಿಲ್ಲುವಂತಿಲ್ಲ. ಅಂತಹ ಮನೆಯವರು ಬಾಗಿಲನ್ನೂ ಕಿಟಕಿಯನ್ನೂ ಪೂರ್ತಿಯಾಗಿ ತೆರೆದಿಟ್ಟು ಬಕೆಟ್ಟುಗಳನ್ನು ಹೊರಗೆ ನಿಂತೇ ತುಂಬಿಸಿಕೊಳ್ಳಲಿ. ಗೀಸರನ್ನೂ ಸಿಲಿಂಡರನ್ನೂ ಆರಿಸಲಿ. ಒಳಗಿನ ಗಾಳಿ ಬದಲಾಗಲು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಒಳಹೋಗಿ ಸ್ನಾನಮಾಡಲಿ. ಒಬ್ಬರ ಬೆನ್ನಿಗೆ ಇನ್ನೊಬ್ಬರು ಹೋಗುವ ಮನೆಗಳಲ್ಲಿ ಪ್ರತಿಯೊಬ್ಬರಿಗೂ ಇದೇ ಕ್ರಮ. ಮಕ್ಕಳು ಅಗುಳಿ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು.